ಶೇಂಗಾ ಉಂಡಿಯೊಳಗಿನ ಅರ್ಧ ಗುಳಿಗೆ

ಬಂದೀಖಾನೆಗಳ ಉಸ್ತುವಾರಿ ಹೊತ್ತವರಿಗೆ, ಊರೆಲ್ಲ ಓದಲೆಂದು ಬರೆದ ಪತ್ರ

ಮಾನ್ಯರೇ,

ಯುಗಾದಿ ಕಳೆದ ಮೇಲೆ ನಡೆದ ಸಭೆಯಲ್ಲಿ ನೀವು ನನಗೊಂದು ಮಾತು ಕೊಟ್ಟಿರಿ. ವಿಚಾರಣಾಧೀನ ಬಂಧಿಯೊಬ್ಬನಿಗೆ ಅವನ ಎಚ್‌ಐವಿ ಗುಳಿಗೆ ಜೈಲಿನೊಳಗೇ ದಿನವೂ ಸಿಗುತ್ತದೆ, ಅದಕ್ಕೆ ವ್ಯವಸ್ಥೆ ಆಗಿದೆ ಎಂದಿರಿ. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಆ ಮಾತನ್ನು ಹೊತ್ತುಕೊಂಡು ಹೋಗಿ ಅವನ ಹೆಂಡತಿಗೆ ಮುಟ್ಟಿಸಿದೆ. ಗುಳಿಗೆ ಬರಲಿಲ್ಲ. ಬಾರದ ಗುಳಿಗೆಯ ಜಾಗವನ್ನು ಆಕೆ ತನ್ನ ಗುಳಿಗೆಯಿಂದ ತುಂಬಲು ಹೋದಳು. ಈಗ ಆಕೆಗೆ ಆ ಔಷಧ ನಾಟುತ್ತಿಲ್ಲ. ಬಹುಶಃ ಅವನಿಗೂ ನಾಟುತ್ತಿಲ್ಲ; ಖಚಿತವಾಗಿ ಹೇಳಲಾರೆ, ಏಕೆಂದರೆ ಅವನ ರಕ್ತ ಪರೀಕ್ಷೆ ಮಾಡಿಸಲು ನಿಮಗೆ ಇನ್ನೂ ಪುರುಸೊತ್ತಾಗಿಲ್ಲ. ಪುರುಸೊತ್ತು ಮಾಡಿಕೊಂಡು ನೀವು ಮಾಡಿದ ಕೆಲಸ ಒಂದೇ. ಜೈಲಿನೊಳಗೆ ನಿಷಿದ್ಧ ವಸ್ತು ಸಾಗಿಸಿದಳೆಂದು ಆಕೆಯ ಮೇಲೆ ಮೊಕದ್ದಮೆ ಹಾಕಿಸಿದಿರಿ.

ನಾನು ಯಾರೆಂದು ನಿಮಗೆ ಗೊತ್ತು, ಓದುವವರಿಗೆ ಗೊತ್ತಿರಲಿಕ್ಕಿಲ್ಲ. ಸರ್ಕಾರವೇ ನೇಮಿಸಿದ ಜೈಲು ಸಂದರ್ಶಕಿ ನಾನು. ತಿಂಗಳಿಗೊಮ್ಮೆ ಒಳಗೆ ಹೋಗಿ, ಅಡುಗೆಮನೆಯ ಸಾರು ರುಚಿ ನೋಡಿ, ಬಂಧಿಗಳ ಅಹವಾಲು ಕೇಳಿ, ನಿಮಗೆ ತಿಳಿಸುವುದು ನನ್ನ ಕೆಲಸ. ಸಂಬಳವಿಲ್ಲ, ಅಧಿಕಾರವೂ ಇಲ್ಲ. ಸಭೆಯಲ್ಲಿ ಕುರ್ಚಿ ಇದೆ, ಚಹಾ ಇದೆ. ಯಾವ ಜೈಲು, ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ದಂಪತಿಯನ್ನು ಗುರುತಿಸುವುದು ಸುಲಭವಾದೀತು. ಆಕೆಯನ್ನು ಮುಮ್ತಾಜ ಎಂದು, ಅವನನ್ನು ಜಾವೀದ ಎಂದು ಕರೆಯುತ್ತೇನೆ. ಉಳಿದವರ ಹೆಸರುಗಳೂ ನಿಜವಲ್ಲ. ಊರು ಶಿಗ್ಲಿ ಎಂದುಕೊಳ್ಳೋಣ. ಅದೂ ಅವರ ಊರಲ್ಲ.

ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಈವರೆಗೆ ನಿಮಗೆ ಬರೆದ ಮನವಿಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ಅವು ಅಚ್ಚುಕಟ್ಟಾಗಿದ್ದವು, ನಿಮ್ಮ ಉತ್ತರಗಳೂ ಅಷ್ಟೇ ಅಚ್ಚುಕಟ್ಟಾಗಿ ಬಂದವು. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಮುಮ್ತಾಜಳೇ ಕಾರಣ.

"ಅಕ್ಕಾರ, ಈ ಸಲ ಕನ್ನಡದಾಗ ಬರೀರಿ. ನನ್ನ ಸುದ್ದಿ ನನಗೂ ತಿಳೀಬೇಕಲ್ರಿ," ಎಂದಳು.

ಒಂದೊಂದು ಸಾಲನ್ನೂ ಆಕೆಗೆ ಓದಿ ಹೇಳಿಯೇ ಅಚ್ಚಿಗೆ ಕೊಟ್ಟಿದ್ದೇನೆ. ಎಚ್‌ಐವಿ ಎಂಬ ಪದ ಬಿಟ್ಟು 'ದೀರ್ಘಕಾಲದ ಕಾಯಿಲೆ' ಎಂದು ಬರೆಯಲೇ ಎಂದು ಕೇಳಿದ್ದೆ. "ಹಂಗ ಬರದ್ರ ಸಕ್ಕರಿ ರೋಗ ಅಂತ ತಿಳೀತಾರ್ರಿ. ಸಕ್ಕರಿ ರೋಗದವರನ್ನ ಯಾರರ ಇಷ್ಟು ಓಡಾಡಸ್ತಾರೇನ್ರಿ? ಹೆಸರು ಮುಚ್ಚರಿ, ರೋಗ ಮುಚ್ಚಬ್ಯಾಡ್ರಿ," ಎಂದಳು. ನನಗಿಂತ ಹೆಚ್ಚು ಕಳೆದುಕೊಳ್ಳುವವಳು ಆಕೆ. ಆಕೆಗಿರುವ ಧೈರ್ಯ ನನಗಿಲ್ಲವೆಂದು ನಾನು ಹಿಂಜರಿಯುವುದು ಸರಿಯೇ? ಅದಕ್ಕೇ ಬರೆದಿದ್ದೇನೆ.

ಜಾವೀದ ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಶೇಂಗಾ ಚೀಲ ಸಾಗಿಸುವ ಮೂರು ಗಾಲಿಯ ಟಂಟಂ ಗಾಡಿಯ ಚಾಲಕ. ಒಂದು ದಿನ ಅವನ ಗಾಡಿಯಲ್ಲಿ ಚೀಲಗಳ ಕೆಳಗೆ ಯಾರದೋ ಹೊಲದಿಂದ ಕದ್ದ ಪಂಪಿನ ಮೋಟಾರು ಸಿಕ್ಕಿತು. ಬಾಡಿಗೆಗೆ ಹೇರಿದ್ದು, ಒಳಗೇನಿತ್ತೋ ಗೊತ್ತಿಲ್ಲ ಎನ್ನುತ್ತಾನೆ ಅವನು. ನಿಜವೋ ಸುಳ್ಳೋ ನ್ಯಾಯಾಲಯ ಹೇಳಲಿ, ಅದು ನನ್ನ ವಿಷಯವಲ್ಲ. ಜಾಮೀನು ಸಿಕ್ಕಿತು. ಆದರೆ ಹೊಲದ ಉತಾರ, ಅಂದರೆ ಪಹಣಿ, ಹಿಡಿದು ಅವನ ಪರವಾಗಿ ನಿಲ್ಲುವವರು ಸಿಗಲಿಲ್ಲ. ಹೀಗಾಗಿ ಒಳಗಿದ್ದಾನೆ. ಶಿಕ್ಷೆ ಆಗಿದ್ದಕ್ಕಲ್ಲ, ಜಾಮೀನುದಾರ ಸಿಗದಿದ್ದಕ್ಕೆ.

ಗಂಡ ಹೆಂಡತಿ ಇಬ್ಬರಿಗೂ ಸೋಂಕು ಇರುವುದು ಕೆಲವು ವರ್ಷಗಳ ಹಿಂದೆಯೇ ತಿಳಿದಿತ್ತು. ಸರ್ಕಾರಿ ಚಿಕಿತ್ಸಾ ಕೇಂದ್ರದಲ್ಲಿ ಇಬ್ಬರೂ ಹೆಸರು ಹಚ್ಚಿದ್ದರು. ತಿಂಗಳಿಗೊಂದು ಡಬ್ಬಿ, ದಿನಕ್ಕೊಂದು ದೊಡ್ಡ ಬಿಳಿ ಗುಳಿಗೆ, ಮಲಗುವ ಮುಂಚೆ ನುಂಗುವುದು. ಬದುಕಿರುವವರೆಗೂ ನುಂಗಬೇಕು, ತಪ್ಪಿಸಬಾರದು. ಅವರು ತಪ್ಪಿಸಿರಲಿಲ್ಲ. ಗಾಡಿ ನಿಲ್ಲಿಸಿ ತಡವಾಗಿ ಬಂದರೂ ಅವನು ಹೊಸ್ತಿಲಲ್ಲೇ ಕೇಳುತ್ತಿದ್ದ ಮೊದಲ ಮಾತು "ಗುಳಿಗಿ ಆತಾ?" ಎಂಬುದು. ಊಟ ಆಯಿತೇ ಎಂದು ಬೇರೆಯವರು ಕೇಳುವ ಹಾಗೆ. "ಆತು" ಎಂದು ಆಕೆ ಅಂದ ಮೇಲೆಯೇ ಅವನು ಕೈಕಾಲು ತೊಳೆಯುವುದು. ಹೀಗೆ ಇಬ್ಬರೂ ಮೈ ಕೈ ತುಂಬಿಕೊಂಡು, ದುಡಿದುಕೊಂಡು ಇದ್ದರು. ಇದು ಪವಾಡವಲ್ಲ, ನಿಮ್ಮದೇ ಸರ್ಕಾರದ ಒಳ್ಳೆಯ ಕೆಲಸ. ಹೊಗಳಬೇಕಾದಲ್ಲಿ ಹೊಗಳುತ್ತೇನೆ.

ಜೈಲು ಸೇರಿದ ದಿನವೇ ಅವನು ತನ್ನ ರೋಗ ಹೇಳಿಕೊಂಡ. ಕೇಂದ್ರದಿಂದ ಬರೆಸಿಕೊಂಡು ಬರಲಿ ಎಂದರು ಜೈಲಿನವರು. ಮುಮ್ತಾಜ ಕೇಂದ್ರಕ್ಕೆ ಓಡಿದಳು. ರೋಗಿಯೇ ಬರಬೇಕು, ಇಲ್ಲವೇ ಜೈಲಿನ ಸಿಬ್ಬಂದಿ ಬರಬೇಕು ಎಂದರು ಅಲ್ಲಿ. ಮತ್ತೆ ಜೈಲು. ಕರೆದೊಯ್ಯಲು ಪೊಲೀಸ್ ಬೆಂಗಾವಲು ಬೇಕು, ಪೊಲೀಸರೆಲ್ಲ ಬಂದೋಬಸ್ತಿಗೆ ಹೋಗಿದ್ದಾರೆ ಎಂದರು. ಮನೆಯಲ್ಲಿ ಉಳಿದಿದ್ದ ಅವನದೇ ಡಬ್ಬಿಯನ್ನಾದರೂ ಕೊಡಿ ಎಂದು ಗೇಟಿಗೆ ಒಯ್ದಳು. ಹೊರಗಿನ ಔಷಧ ಒಳಗೆ ಬಿಡುವಂತಿಲ್ಲ ಎಂದು ಡಬ್ಬಿ ಇಟ್ಟುಕೊಂಡು ಆಕೆಯನ್ನು ವಾಪಸು ಕಳಿಸಿದರು. ಆಕೆಯನ್ನು ಚೆಂಡಿನ ಹಾಗೆ ಆಡಿಸಿದರಲ್ಲ ಎಂದು ನಾನು ಮರುಗಿದಾಗ ಆಕೆ ತಿದ್ದಿದಳು: "ಚೆಂಡಾಟದಾಗ ಎರಡೂ ಕಡಿಯವರಿಗೆ ಚೆಂಡು ಬೇಕಾಗಿರತೈತ್ರಿ ಅಕ್ಕಾರ. ಇಲ್ಲೆ ಯಾರಿಗೂ ಬ್ಯಾಡಾಗಿತ್ತು."

ಆಗಲೇ ನಾನು ಸಭೆಯಲ್ಲಿ ಈ ವಿಷಯ ಎತ್ತಿದ್ದು. ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಚೆನ್ನಾಗಿ ನೆನಪಿದೆ. ನೀವು ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಮುಖವನ್ನೇ ನೋಡಿ, "ಮೇಡಂ, ಅದಕ್ಕೆ ವ್ಯವಸ್ಥೆ ಆಗಿದೆ. ಇನ್ನು ಆ ಬಂಧಿಯ ಚಿಂತೆ ನಿಮಗೆ ಬೇಡ," ಎಂದಿರಿ. ಎಷ್ಟು ಸೌಜನ್ಯದಿಂದ ಹೇಳಿದಿರಿ! ಕಾಗದ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೇಳಿದ್ದರೆ ನಿಮ್ಮನ್ನು ಅವಮಾನಿಸಿದಂತಾಗುತ್ತದೆ ಎಂದುಕೊಳ್ಳುತ್ತಿದ್ದೆನೇನೋ.

ಸಭೆ ಮುಗಿಸಿ ನೇರ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಮುಮ್ತಾಜ ಅಲ್ಲಿನ ಒಂದು ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವ ಕೆಲಸದಲ್ಲಿದ್ದಾಳೆ. ಹೊಟ್ಟಿನ ಧೂಳಿನ ನಡುವೆ ನಿಂತು ಹೇಳಿದೆ.

"ಸಾಹೇಬ್ರು ಬಾಯಿಲೆ ಅಂದ್ರಾ?" ಎಂದಳು.

"ಅಂದರು. ನನ್ನ ಎದುರಿಗೇ."

"ಹಂಗಾರ ಆತು ಬಿಡ್ರಿ," ಎಂದು ಚೀಲದ ಮೇಲೆ ಕುಸಿದು ಕೂತು, ನಕ್ಕು, ನನ್ನ ಸೆರಗಿಗೆ ಎರಡು ಬೊಗಸೆ ಶೇಂಗಾ ಸುರಿದಳು. ಆ ಬಜಾರಿನಲ್ಲಿ ಬಾಯಿಮಾತಿನ ಮೇಲೆ ಲೋಡುಗಟ್ಟಲೆ ಮಾಲು ಎತ್ತುತ್ತಾರೆ. ಮಾತಿಗೆ ತಪ್ಪಿದ ಅಡತಿ ದಲಾಲನ ಅಂಗಡಿಗೆ ಮರುದಿನ ಒಂದು ಚೀಲವೂ ಇಳಿಯುವುದಿಲ್ಲ. ನಿಮ್ಮ ಕಚೇರಿಗೆ ಅಂಥ ಭಯವಿಲ್ಲ ಎಂಬುದು ಆಕೆಗೆ ಹೇಗೆ ತಿಳಿಯಬೇಕು? ಒಪ್ಪುತ್ತೇನೆ, ನನಗೂ ತಿಳಿದಿರಲಿಲ್ಲ.

ಮುಂದಿನ ಭೇಟಿಯಲ್ಲಿ ಜಾಲರಿಯ ಆಚೆಯಿಂದ ಜಾವೀದ ಮುಮ್ತಾಜಳಿಗೆ ಹೇಳಿದ: "ಕೆಂಪು ಗುಳಿಗಿ ಕೊಡಾಕ ಹತ್ಯಾರ. ರಕ್ತ ಹೆಚ್ಚಾಗೂದಂತ. ನಮ್ಮ ಗುಳಿಗಿ ಬಂದಿಲ್ಲ." ಅದೇ ಹೊತ್ತಿಗೆ, ಸಭೆಗೆ ಮೊದಲೇ ಕೊಟ್ಟಿದ್ದ ನನ್ನ ಮನವಿಗೆ ನಿಮ್ಮ ಲಿಖಿತ ಉತ್ತರ ಬಂತು. 'ಸದರಿ ಬಂಧಿಗೆ ನಿಯಮಾನುಸಾರ ಔಷಧೋಪಚಾರ ನೀಡಲಾಗುತ್ತಿದೆ' ಎಂದು ಅದರಲ್ಲಿತ್ತು. ಓದಿ ನನಗೆ ಸಮಾಧಾನವಾಯಿತು. ಈಗ ಮತ್ತೆ ಮತ್ತೆ ಓದುತ್ತೇನೆ, ಒಂದು ಅಕ್ಷರವೂ ಸುಳ್ಳಲ್ಲ. ಕೆಂಪು ಗುಳಿಗೆಯೂ ಔಷಧವೇ. ಸತ್ಯವನ್ನೇ ಹೇಳುತ್ತ ಮೋಸ ಮಾಡಲು ಬಹಳ ಅನುಭವ ಬೇಕು. ಅದು ನಿಮ್ಮ ಕಚೇರಿಗಿದೆ.

ಗುಳಿಗೆ ಬಂದಿಲ್ಲವೆಂದು ಮುಮ್ತಾಜ ನನಗೆ ತಿಳಿಸಲಿಲ್ಲ. ಯಾಕೆ ತಿಳಿಸಲಿಲ್ಲ ಎಂದು ಎಷ್ಟೋ ದಿನದ ಮೇಲೆ ಕೇಳಿದೆ. ಆಕೆ ಕೊಟ್ಟ ಕಾರಣ ಈಗಲೂ ನನ್ನನ್ನು ಚುಚ್ಚುತ್ತದೆ. "ನೀವು ಅಷ್ಟು ದೂರ ಬಂದು ಹೇಳಿ ಹೋಗೀರಿ. ಆಗಿಲ್ಲ ಅಂತ ಹೇಳಿದ್ರ ನೀವು ಸುಳ್ಳಾದಂಗ ಆಗತಿತ್ತಲ್ರಿ. ನಿಮ್ಮ ಮರ್ಯಾದಿ ಯಾಕ ಕಳೀಲಿ?" ನನ್ನ ಮರ್ಯಾದೆ ಉಳಿಸಲು ಆಕೆ ಸುಮ್ಮನಾದಳು, ನನ್ನ ಮುಂದೆ ಗಂಡನ ಬಾಯಿಯನ್ನೂ ಕಟ್ಟಿದಳು. ನನ್ನದನ್ನಷ್ಟೇ ಅಲ್ಲ, ನಿಮ್ಮದನ್ನೂ ಉಳಿಸಿದಳು.

ಸುಮ್ಮನಾದಳು ಎಂದರೆ ಸುಮ್ಮನೆ ಕೂತಳು ಎಂದಲ್ಲ. ತನ್ನ ಡಬ್ಬಿಯಲ್ಲಿ ಗುಳಿಗೆಗಳಿದ್ದವು. ಅತ್ತೆ ಮಾಸುಮಬಿಯ ಎಲೆಅಡಕೆ ಚೀಲದಲ್ಲಿ ಅಡಕತ್ತರಿ ಇತ್ತು. ದಿನವೂ ತನ್ನ ಗುಳಿಗೆಯನ್ನು ಅಡಕತ್ತರಿಯಲ್ಲಿಟ್ಟು ಎರಡು ಹೋಳು ಮಾಡಿದಳು. ಒಂದು ಹೋಳು ತಾನು ನುಂಗಿದಳು, ಇನ್ನೊಂದನ್ನು ಗಂಡನಿಗೆಂದು ತೆಗೆದಿಟ್ಟಳು. ಮಗ-ಸೊಸೆಯ ರೋಗದ ಸುಳಿವೂ ಇಲ್ಲದ ಮುದುಕಿ ಒಮ್ಮೆ ಕೇಳಿತಂತೆ, "ಏನವಾ, ಅಡಕತ್ತರಿಗೆ ಬಿಳೀದೇನು ಹತ್ತೇತಿ?" "ಸುಣ್ಣರಿ ಅತ್ತಿ." "ಸುಣ್ಣ ಹಚ್ಚೂದು ಎಲಿಗೆ, ಕತ್ತರಿಗಲ್ಲ. ಯಾವ ಊರಿಂದ ಬಂದಾಕಿ ನೀ?" ಎಂದು ಬೈದು ಸುಮ್ಮನಾಯಿತಂತೆ.

ಇಂಥ ಉಪಾಯ ಹೇಗೆ ಹೊಳೆಯಿತು ಎಂದು ಕೇಳಿದೆ. ಉಪಾಯವೆಂದು ಆಕೆಗೆ ಅನ್ನಿಸಿರಲೇ ಇಲ್ಲ. "ಮನ್ಯಾಗ ಒಂದ ರೊಟ್ಟಿ ಉಳದ್ರ ಏನ ಮಾಡತೀವ್ರಿ? ಮುರದು ಅರ್ಧ ಅರ್ಧ ತಿಂತೀವಿ. ಹೊಟ್ಟಿ ತುಂಬೂದಿಲ್ಲ, ಖರೆ. ಆದ್ರ ಯಾರೂ ಉಪಾಸ ಮಲಗೂದಿಲ್ಲ. ಗುಳಿಗೀನೂ ಹಂಗ ಅಂತ ತಿಳದ್ನಿ."

ಹೋಳುಗಳನ್ನು ಒಳಗೆ ಕಳಿಸಲು ದಾರಿ ಬೇಕಿತ್ತು. ವಾರದ ಭೇಟಿಗೆ ಬರುವವರು ತಿಂಡಿ ತರಬಹುದು. ಹುರಿದ ಶೇಂಗಾ ಕುಟ್ಟಿ, ಬೆಲ್ಲ ಬೆರೆಸಿ ಉಂಡಿ ಕಟ್ಟಿದಳು. ಒಂದೊಂದು ಉಂಡಿಯ ನಡುವೆ ಒಂದೊಂದು ಹೋಳು. ವಾರಕ್ಕೆ ಸಾಕಾಗುವಷ್ಟು ಉಂಡಿ. ಜಾಲರಿಯ ಬಳಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. "ಮಲಗೂ ಮುಂದ ಒಂದ ತಿನ್ರಿ. ಯಾರಿಗೂ ಕೊಡಬ್ಯಾಡ್ರಿ," ಎಂದಷ್ಟೇ ಹೇಳಿದಳು. ಮೊದಲ ಉಂಡಿ ಕಚ್ಚಿದಾಗ ಅವನಿಗೆ ಅರ್ಥವಾಯಿತು. ಆಕೆ ಎಲ್ಲಿಂದಲೋ ಹೆಚ್ಚಿನ ಗುಳಿಗೆ ತಂದಿದ್ದಾಳೆ ಎಂದುಕೊಂಡನಂತೆ. ತನ್ನದನ್ನೇ ಮುರಿದಿದ್ದಾಳೆಂದು ಗೊತ್ತಾಗುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು.

ಆ ಬ್ಯಾರಕ್ಕಿನಲ್ಲಿ ಒಂದು ರಿವಾಜು ಇದೆ. ನಿಮ್ಮ ನಿಯಮಗಳಿಗಿಂತ ಕಟ್ಟುನಿಟ್ಟಾಗಿ ಪಾಲನೆಯಾಗುವಂಥದು. ಯಾರ ಮನೆಯಿಂದ ಏನೇ ಬಂದರೂ ಎಲ್ಲರಿಗೂ ಒಂದು ಚೂರು. ಜಾವೀದ ಮಾತ್ರ ಉಂಡಿ ಹಂಚಲಿಲ್ಲ. ಡಬ್ಬಿ ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದ. ಜಿಪುಣ ಎಂದರು, ಅವನ ಜೊತೆ ಊಟಕ್ಕೆ ಕೂರುವುದು ಬಿಟ್ಟರು. ಪಕ್ಕದ ಹಾಸಿಗೆಯ ಇಸಾಕನಿಗೆ ಇವನನ್ನು ಕಾಡುವುದೇ ಕಾಲಕ್ಷೇಪ. "ಲೇ ಜಾವ್ಯಾ, ಹೇಣ್ತಿ ಕಟ್ಟಿದ್ದು ಉಂಡೀನೋ ತಾಯತಾನೋ? ತಿನ್ನಾಕ ಕೊಟ್ಟಾಳಲೇ, ಪೂಜಿ ಮಾಡಾಕಲ್ಲ!" ಒಂದು ದಿನ ತಮಾಷೆಗೆಂದು ಒಂದು ಉಂಡಿ ಕಸಿದುಕೊಂಡು ಬಾಯಿಗೆ ಹಾಕಿಯೇಬಿಟ್ಟ. ಹಲ್ಲಿಗೆ ಕಹಿ ಸಿಕ್ಕಿತು. ಉಗುಳಿದ, ಕೂಗಿದ. ವಾರ್ಡರ್ ಬಂದ. ಮತ್ತಿನ ಗುಳಿಗೆ ಎಂದು ಗುಲ್ಲೆದ್ದಿತು. ಅದು ಮತ್ತಿನದಲ್ಲ ಎಂದು ತೋರಿಸಲು ಜಾವೀದ ತನ್ನ ರೋಗದ ಹೆಸರನ್ನು ಇಡೀ ಬ್ಯಾರಕ್ಕಿನ ಎದುರು ಹೇಳಬೇಕಾಯಿತು. ಹೇಳಿದರೂ ಯಾರೂ ನಂಬಲಿಲ್ಲ. ಆಮೇಲೆ ನಾನು ಒಳಗೆ ಹೋದಾಗ ಇಸಾಕ ನನ್ನೆದುರು ತಲೆ ತಗ್ಗಿಸಿ, "ಗೊತ್ತಿದ್ರ ಆ ಉಂಡಿ ಮುಟ್ಟತಿದ್ನೇನ್ರಿ ಅಕ್ಕಾರ? ನನ್ನ ಬಾಯಾಗಿಂದ ಅವನ ಔಷಧ ಉಗಳಿದ್ನಿ," ಎಂದು ಅತ್ತ. ಆ ಇಡೀ ಪ್ರಕರಣದಲ್ಲಿ ಪಶ್ಚಾತ್ತಾಪಪಟ್ಟವನು ನನ್ನ ಕಣ್ಣಿಗೆ ಬಿದ್ದದ್ದು ಅವನೊಬ್ಬನೇ. ಅವನ ಮೇಲಿರುವುದು ಕಳ್ಳತನದ ಆರೋಪ.

ಮುಂದಿನ ವಾರ ಮುಮ್ತಾಜ ಡಬ್ಬಿ ಹಿಡಿದು ಬಂದಾಗ ಗೇಟಿನಲ್ಲಿ ಕಾಯುತ್ತಿದ್ದರು. ಸಾಲಿನಲ್ಲಿದ್ದ ಎಲ್ಲರ ಎದುರು ಮೇಜಿನ ಮೇಲೆ ಉಂಡಿಗಳನ್ನು ಒಂದೊಂದಾಗಿ ಒಡೆದರು.

"ಏನವಾ ಇದು? ಉಂಡ್ಯಾಗ ಏನಿಟ್ಟೀ?"

"ಗುಳಿಗಿರಿ."

"ಯಾವ ಗುಳಿಗಿ?"

"ಸರ್ಕಾರದ್ದರಿ. ನೀವು ಕೊಡಬೇಕಾಗಿದ್ದು."

ಈ ಉತ್ತರವನ್ನು ಪಂಚನಾಮೆಯಲ್ಲಿ ಬರೆದುಕೊಂಡಿಲ್ಲ ಎಂದು ಕೇಳಿದ್ದೇನೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಆ ಹೋಳುಗಳನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಪೊಲೀಸರನ್ನು ಜೊತೆ ಮಾಡಿ, ಸರ್ಕಾರಿ ಗಾಡಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದಿರಿ. ಸರ್ಕಾರವೇ ಪುಕ್ಕಟೆ ಹಂಚುವ ಗುಳಿಗೆ ಅದು ಹೌದೋ ಅಲ್ಲವೋ ಎಂದು ಸರ್ಕಾರಕ್ಕೇ ತಿಳಿಯಬೇಕಿತ್ತು. ವರದಿ ಬೇಗನೆ ಬಂತು, ಹೌದು ಎಂದಿತು. ಮಾನ್ಯರೇ, ನನ್ನದೊಂದು ಸಣ್ಣ ಪ್ರಶ್ನೆ. ಅರ್ಧ ಗುಳಿಗೆಯನ್ನು ಅಷ್ಟು ದೂರ ಒಯ್ಯಲು ಸಿಕ್ಕ ಗಾಡಿ, ಸಿಕ್ಕ ಬೆಂಗಾವಲು, ಆ ಗುಳಿಗೆ ನುಂಗಬೇಕಾದ ಮನುಷ್ಯನನ್ನು ಹತ್ತಿರದ ಕೇಂದ್ರಕ್ಕೆ ಒಯ್ಯಲು ಯಾಕೆ ಸಿಗಲಿಲ್ಲ? ಗುಳಿಗೆ ಓಡಿಹೋಗುತ್ತದೆಂಬ ಹೆದರಿಕೆ ಇತ್ತೇ?

ಪ್ರಯೋಗಾಲಯ ಹೌದು ಎಂದ ಮೇಲಾದರೂ ಮೊಕದ್ದಮೆ ಬಿಡುತ್ತೀರಿ ಎಂದುಕೊಂಡೆ. ಮತ್ತಿನದಲ್ಲದಿದ್ದರೂ ಹೊರಗಿನದು ಹೊರಗಿನದೇ, ಬಚ್ಚಿಟ್ಟು ತಂದದ್ದು ಬಚ್ಚಿಟ್ಟು ತಂದದ್ದೇ ಎಂದಿರಿ. ಆಕೆಯ ಭೇಟಿ ನಿಲ್ಲಿಸಿದಿರಿ.

ಕಾನೂನಿನ ಈ ಗಲಾಟೆಯ ನಡುವೆ ಚಿಕಿತ್ಸಾ ಕೇಂದ್ರದವರು ಆಕೆಯ ರಕ್ತ ತೆಗೆದರು. ಅಲ್ಲಿಯವರೆಗೆ ಅವರಿಗೆ ಅನುಮಾನವೇ ಬಂದಿರಲಿಲ್ಲ. ತಿಂಗಳ ಕೊನೆಗೆ ಆಕೆಯ ಡಬ್ಬಿ ನೋಡುತ್ತಿದ್ದರು, ಖಾಲಿ ಇರುತ್ತಿತ್ತು. ಒಂದೂ ಉಳಿದಿಲ್ಲ, ಶಾಬಾಸ್ ಎನ್ನುತ್ತಿದ್ದರು. ಈಗ ರಕ್ತದಲ್ಲಿ ವೈರಸ್ ಮೇಲೆದ್ದಿತ್ತು. ತಿಳಿಹೇಳಿ, ಪೂರ್ತಿ ಗುಳಿಗೆ ನುಂಗಿಸಿ, ಕೆಲವು ತಿಂಗಳ ಮೇಲೆ ಮತ್ತೆ ನೋಡಿದರು. ಇಳಿದಿರಲಿಲ್ಲ. ಆಪ್ತ ಸಮಾಲೋಚಕಿ ಸಾವಂತ್ರೆವ್ವ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದನ್ನು ನಾನೂ ಅಲ್ಲೇ ಕೂತು ಕೇಳಿದೆ.

"ಹಾವು ಕಂಡ್ರ ಏನ ಮಾಡತೀವಿ ತಂಗಿ? ಹೊಡದ್ರ ಪೂರಾ ಹೊಡೀಬೇಕು, ಇಲ್ಲಾಂದ್ರ ಮುಟ್ಟಬಾರದು. ಅರ್ಧ ಹೊಡದು ಬಿಟ್ರ ಅದು ಹೊಡದವರನ್ನ ಗುರುತಿಟಗೊಂತೈತಿ ಅಂತಾರಲ್ಲ? ಹಾವಿನ ಮಾತು ಖರೆನೋ ಸುಳ್ಳೋ, ಈ ರೋಗದ್ದು ಮಾತ್ರ ಖರೆ. ಅರ್ಧ ಗುಳಿಗಿಗೆ ಅದು ಸಾಯಲಿಲ್ಲ, ಗುಳಿಗಿ ಗುರುತು ಹಿಡೀತು. ಇನ್ನ ಪೂರಾ ಕೊಟ್ಟರೂ ಅದು ಅಂಜೂದಿಲ್ಲ."

ಮುಮ್ತಾಜ, "ಹಂಗಾರ ಅವರಿಗೆ ನಾನ ವಿಷಾ ಹಾಕಿದಂಗ ಆತಲ್ರಿ," ಎಂದಳು. ಸಾವಂತ್ರೆವ್ವ "ಇಲ್ಲವಾ, ಇಲ್ಲ" ಎಂದು ಕೈ ಹಿಡಿದುಕೊಂಡರು. ನನ್ನ ಬಾಯಲ್ಲಿ ಆಕೆ ಕೊನೆಯ ಸಲ ಕೇಳಿದ ಸಮಾಧಾನದ ಮಾತು ನಿಮ್ಮದಾಗಿತ್ತು.

ನಾನು ನಿಮಗೆ ಅನ್ಯಾಯ ಮಾಡುತ್ತಿದ್ದೇನೆಯೇ? ಈ ಪ್ರಶ್ನೆಯನ್ನು ಹಲವು ಸಲ ಕೇಳಿಕೊಂಡಿದ್ದೇನೆ. ಪೊಲೀಸರು ಕಡಿಮೆ ಇದ್ದಾರೆ, ನಿಜ. ಜೈಲಿನ ವೈದ್ಯರು ವಾರದಲ್ಲಿ ಒಮ್ಮೆ ಬಂದರೆ ಹೆಚ್ಚು, ನಿಜ. ಹೊರಗಿನಿಂದ ಬಂದ ಗುಳಿಗೆಯನ್ನೆಲ್ಲ ಒಳಗೆ ಬಿಟ್ಟರೆ ಏನೇನು ಬರಬಹುದೆಂಬ ನಿಮ್ಮ ಅಂಜಿಕೆಯೂ ಸುಳ್ಳಲ್ಲ. ಮುಮ್ತಾಜ ಮಾಡಿದ್ದು ತಪ್ಪು ಎಂಬುದನ್ನೂ ಒಪ್ಪುತ್ತೇನೆ. ವೈದ್ಯರೇ ಹಾಗೆ ಹೇಳುತ್ತಾರೆ. ಆದರೆ ಅದು ತಿಳಿಯದೆ ಮಾಡಿದ ತಪ್ಪು. ಅರ್ಧ ಗುಳಿಗೆ ಕೆಟ್ಟದ್ದೆಂದು ಆಕೆಗೆ ಗೊತ್ತಿರಲಿಲ್ಲ, ಕಾನ್ವೆಂಟಿನಲ್ಲಿ ಓದಿದ ನನಗೂ ಗೊತ್ತಿರಲಿಲ್ಲ. ಗುಳಿಗೆ ನಿಂತರೆ ಏನಾಗುತ್ತದೆಂದು ಗೊತ್ತಿದ್ದವರು ನಿಮ್ಮ ಕೈಕೆಳಗಿದ್ದರು. ನಿಮಗೆ ತಿಳಿದಿತ್ತು, ಆದರೂ ವ್ಯವಸ್ಥೆ ಆಗಿದೆ ಎಂದಿರಿ. ಎರಡೂ ತಪ್ಪು ಒಂದೇ ತೂಕದವೇ?

ಸರ್ಕಾರದ ವಶದಲ್ಲಿರುವವನಿಗೂ ಎಚ್‌ಐವಿ ಚಿಕಿತ್ಸೆಯ ಹಕ್ಕಿದೆ ಎಂದು ಸಂಸತ್ತೇ ಕಾಯ್ದೆ ಮಾಡಿದೆ. ನ್ಯಾಯಾಲಯ ಜಾವೀದನಿಂದ ತೆಗೆದುಕೊಂಡದ್ದು ಅವನ ಓಡಾಟವನ್ನು. ಅವನ ಗುಳಿಗೆಯನ್ನು ಕಸಿಯಲು ಯಾವ ನ್ಯಾಯಾಧೀಶರೂ ಹೇಳಿಲ್ಲ. ಒಳಗಿರುವವರು ಕೆಟ್ಟವರು, ಅವರಿಗೇನಾದರೆ ನಮಗೇನು ಎನ್ನುವವರೂ ಈ ಪತ್ರ ಓದುತ್ತಿರಬಹುದು. ಅವರಿಗೂ ಒಂದು ಮಾತು. ಹೆದರಿಸಲು ಹೇಳುತ್ತಿಲ್ಲ, ಸೋಂಕಿತರನ್ನು ಹೆದರಿಕೆಯ ವಸ್ತು ಮಾಡಿ ಈಗಾಗಲೇ ಸಾಕಷ್ಟು ಕೆಡಿಸಿದ್ದೇವೆ. ಆದರೆ ಜೈಲಿಗೆ ಹೋದವರು ಅಲ್ಲೇ ಇರುವುದಿಲ್ಲ. ಇಂದಲ್ಲ ನಾಳೆ ಹರ್ತಿಗೆ, ಅಸುಂಡಿಗೆ, ಮುಂಡರಗಿಗೆ, ತಮ್ಮ ತಮ್ಮ ಮನೆಗೆ ಬರುತ್ತಾರೆ. ಗುಳಿಗೆಯ ಗುರುತು ಹಿಡಿದ ವೈರಸ್ಸೂ ಅವರ ಜೊತೆಗೇ ಬರುತ್ತದೆ. ಅದಕ್ಕೆ ಜಾಮೀನು ಬೇಡ.

ಈಗ ಮುಮ್ತಾಜಳಿಗೆ ಬೇಕಾದದ್ದು ಎರಡನೇ ಹಂತದ ಔಷಧ. ಅದು ಇದೆ, ಪುಕ್ಕಟೆಯೇ ಸಿಗುತ್ತದೆ. ಆದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ತಜ್ಞರು ಒಪ್ಪಬೇಕು. ಧಾರವಾಡದಿಂದ ಒಡೆದು ನಮ್ಮದು ಬೇರೆ ಜಿಲ್ಲೆಯಾದಾಗ ಇನ್ನು ಎಲ್ಲದಕ್ಕೂ ಧಾರವಾಡ ಹುಬ್ಬಳ್ಳಿಗೆ ಓಡುವುದು ತಪ್ಪಿತು ಎಂದು ಪಟಾಕಿ ಹಾರಿಸಿದವರಲ್ಲಿ ನಾನೂ ಒಬ್ಬಳು. ಇರಲಿ, ಹುಬ್ಬಳ್ಳಿ ದೂರವೇನಲ್ಲ. ದೂರವಿರುವುದು ನಿಮ್ಮ ಒಂದು ಸಾಲಿನ ಪತ್ರ. ಆಕೆಯ ಕಡತದ ಮೇಲೆ 'ನಿಯಮ ಪಾಲಿಸದ ರೋಗಿ' ಎಂದು ಬರೆದಾಗಿದೆ. ಅಂಥವರಿಗೆ ಹೊಸ ಔಷಧ ಕೊಟ್ಟರೆ ಅದನ್ನೂ ಕೆಡಿಸಿಕೊಳ್ಳುತ್ತಾರೆಂದು ತಡೆಯುತ್ತಾರೆ. ಗಂಡನಿಗೆ ಜೈಲಿನಲ್ಲಿ ಗುಳಿಗೆ ಕೊಡದ ಕಾರಣ ಆಕೆ ಹೀಗೆ ಮಾಡಿದಳು ಎಂದು ನೀವು ಬರೆದುಕೊಟ್ಟರೆ ಆ ಹಣೆಪಟ್ಟಿ ತೆಗೆಯಬಹುದು ಎನ್ನುತ್ತಾರೆ ಕೇಂದ್ರದವರು. ಕೇಳಿದೆ. 'ಪ್ರಕರಣವು ನ್ಯಾಯಾಲಯದಲ್ಲಿರುವುದರಿಂದ ಅಭಿಪ್ರಾಯ ನೀಡಲಾಗದು' ಎಂದು ಉತ್ತರ ಬಂತು. ಪ್ರಕರಣ ಹಾಕಿದವರು ನೀವು. ಪ್ರಕರಣ ಇದೆಯೆಂದು ಬಾಯಿ ಮುಚ್ಚಿದವರೂ ನೀವು. ನಡುವೆ ಆಕೆ ಪ್ರತಿದಿನ ನಾಟದ ಗುಳಿಗೆ ನುಂಗುತ್ತ ತೂಕ ಕಳೆದುಕೊಳ್ಳುತ್ತಿದ್ದಾಳೆ.

ಒಂದು ವಿಷಯದಲ್ಲಿ ನಿಮ್ಮನ್ನು ಅಭಿನಂದಿಸಬೇಕು. ಉಂಡಿಯ ಗಲಾಟೆಯ ನಂತರ ಜಾವೀದನಿಗೆ ನಿಜವಾಗಿಯೂ ವ್ಯವಸ್ಥೆ ಆಗಿದೆ. ಹೋದ ಭೇಟಿಯಲ್ಲಿ ಅವನೇ ಹೇಳಿದ, ಮುಖ ಅರಳಿಸಿಕೊಂಡು.

"ಅಕ್ಕಾರ, ಈಗ ದಿನಾ ಕೊಡತಾರ್ರಿ. ನಮ್ಮ ಗುಳಿಗೀನ, ಪೂರಾ ಒಂದು. ನುಂಗಿದ ಮ್ಯಾಲ ವಾರ್ಡರ್ ಬಾಯಿ ತಗಸಿ ನಾಲಿಗಿ ಎತ್ತಿಸಿ ನೋಡತಾರ. ಒಂದ ದಿನಾನೂ ತಪ್ಪಿಲ್ಲ."

ಯಾವ ಗುಳಿಗೆ ಬೇಕಾಗಿದ್ದಾಗ ಕೊಡಲಿಲ್ಲವೋ ಅದೇ ಗುಳಿಗೆಯನ್ನು, ಅದು ನಾಟುವುದು ಅನುಮಾನವಾದ ಮೇಲೆ, ಬಾಯಿ ತೆರೆಸಿ ನೋಡಿ ನುಂಗಿಸುತ್ತಿದ್ದೀರಿ. ಅವನ ರಕ್ತವನ್ನು ಒಮ್ಮೆ ಪರೀಕ್ಷಿಸಿದ್ದರೆ ಸಾಕಿತ್ತು, ತಿಳಿಯುತ್ತಿತ್ತು. ಅವನಿಗೆ ನಾನು ಏನು ಹೇಳಲಿ? ನಾನು ವೈದ್ಯೆಯಲ್ಲ. ಪರೀಕ್ಷೆಯೇ ಆಗದೆ ಔಷಧ ನಾಟುತ್ತಿಲ್ಲ ಎನ್ನುವ ಹಕ್ಕು ನನಗಿಲ್ಲ. ನಾಟುತ್ತಿದೆ ಎಂದು ಅವನ ಸಂತೋಷಕ್ಕೆ ತಲೆಯಾಡಿಸುವ ಹಕ್ಕೂ ಇಲ್ಲ. ಹೊರಡುವಾಗ ಅವನೆಂದ, "ಭೇಟಿ ಬಂದ್ ಆಗೇತಲ್ರಿ, ನೀವ ಹೇಳ್ರಿ ಆಕಿಗೆ. ಇನ್ನ ಮ್ಯಾಲ ಆಕಿದು ಆಕಿನ ಪೂರಾ ತೊಗೊಳ್ಳಲಿ. ಮತ್ತ... ಗುಳಿಗಿ ಆತಾ ಅಂತ ಕೇಳ್ಯಾನ ಅಂತ ಹೇಳ್ರಿ."

ಮಿಲ್ಲಿಗೆ ಹೋಗಿ ಹೇಳಿದೆ. ಈ ಸಲ ಮುಮ್ತಾಜ ನಗಲಿಲ್ಲ. ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಆತು ಅಂತ ಹೇಳ್ರಿ," ಎಂದಳು. "ರಕ್ತದ್ದು, ಹುಬ್ಬಳ್ಳೀದು, ಏನೂ ಹೇಳಬ್ಯಾಡ್ರಿ. ಆತು ಅಂತ ಅಷ್ಟ ಹೇಳ್ರಿ."

ಮಾನ್ಯರೇ, ಒಮ್ಮೆ ನಿಮ್ಮ ಮಾತು ಹೊತ್ತು ಆ ಮಿಲ್ಲಿಗೆ ಹೋಗಿ ಸುಳ್ಳಾದೆ. ಈಗ ಆಕೆ ಕೊಟ್ಟ ಈ ಒಂದು ಪದವನ್ನು ಜೈಲಿಗೆ ಒಯ್ಯಬೇಕು. ನಾಟದ ಗುಳಿಗೆ ನುಂಗಿ 'ಆತು' ಎಂದರೆ ಅದು ಸುಳ್ಳೇ; ಇದನ್ನು ಸುಳ್ಳಾಗಿ ಒಯ್ಯಲು ನಾನು ಸಿದ್ಧಳಿಲ್ಲ. ಹಾಗಾಗಿ ನನ್ನ ಬೇಡಿಕೆ, ಮನವಿಯಲ್ಲ: ಮುಂದಿನ ತಿಂಗಳು ನಾನು ಒಳಗೆ ಬರುವ ಮೊದಲು ಜಾವೀದನನ್ನು ಕೇಂದ್ರಕ್ಕೆ ಕರೆದೊಯ್ದು ಅವನ ರಕ್ತ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಅವನಿಗೆ ವೈದ್ಯರಿಂದ ಹೇಳಿಸಿ. ನಡೆದದ್ದೇನು ಎಂಬ ಆ ಒಂದು ಸಾಲನ್ನು ಮುಮ್ತಾಜಳಿಗೆ ಬರೆದುಕೊಡಿ, ಹುಬ್ಬಳ್ಳಿಯ ಬಾಗಿಲು ತೆರೆಯಲಿ. ಆಕೆಯ ಮೇಲಿನ ಮೊಕದ್ದಮೆ ಹಿಂತೆಗೆದುಕೊಂಡು ಭೇಟಿಗೆ ಬಿಡಿ, ಈ ಪ್ರಶ್ನೆಯನ್ನೂ ಉತ್ತರವನ್ನೂ ಅವರೇ ಹೇಳಿಕೊಳ್ಳಲಿ, ನನ್ನಂಥ ಹಮಾಲಿಯ ಅಗತ್ಯ ಬೀಳದಿರಲಿ. ಇನ್ನು ಮುಂದೆ ಯಾರೇ ಒಳಗೆ ಬರಲಿ, ಅವರು ತಮ್ಮ ರೋಗ ಹೇಳಿಕೊಂಡ ಆ ದಿನವೇ ಅವರ ಗುಳಿಗೆ ಅವರ ಕೈಗೆ ಬರಬೇಕು. ಬೆಂಗಾವಲು ಬಂದ ಮೇಲಲ್ಲ.

ದಯವಿಟ್ಟು ವ್ಯವಸ್ಥೆ ಆಗಿದೆ ಎಂದು ಮಾತ್ರ ಉತ್ತರಿಸಬೇಡಿ. ಆ ಮಾತನ್ನು ಇನ್ನೊಮ್ಮೆ ಹೊರಲು ನನ್ನಿಂದಾಗದು. ಜಾವೀದ ಜಾಲರಿಯ ಆಚೆ ಒಂದು ಉತ್ತರಕ್ಕಾಗಿ ಕಾಯುತ್ತಿದ್ದಾನೆ. ಅದು 'ಆತು' ಎಂಬ ಎರಡಕ್ಷರ. ಅದು ನನ್ನ ಹತ್ತಿರವಿದೆ. ನೀವು ಅದನ್ನು ನಿಜ ಮಾಡುವ ತನಕ ಕೊಡುವುದಿಲ್ಲ.

ಇಂತಿ,
ನಿಮ್ಮ ಮಾತನ್ನು ತಕ್ಷಣ ಮುಟ್ಟಿಸಿ, ಮುಮ್ತಾಜಳ ಮಾತನ್ನು ಇನ್ನೂ ಮುಟ್ಟಿಸಲಾಗದೆ ಕೂತಿರುವ,
ಸ್ನೇಹಾ
ಜೈಲು ಸಂದರ್ಶಕಿ (ಈ ಪತ್ರ ನಿಮ್ಮ ಕೈ ಸೇರುವವರೆಗಂತೂ)
ಗದಗ-ಬೆಟಗೇರಿ